ಬೋರ್‌ವೆಲ್ ಎತ್ತಿದ ನೀರಿಗೂ ಹೊಳೆಯ ಹರಿವಿಗೂ ಲೆಕ್ಕ ಕೂಡಿಸುವುದು ಹೇಗೆ

“ಬೋರ್‌ವೆಲ್‌ಗಳಿಂದ ನಮ್ಮ ಹೊಳೆಗೆ ಏನಾಯ್ತು ಅಂತ ಒಂದು ಮಾಡೆಲ್ ಮಾಡಿಕೊಡಿ ಮೇಡಂ” ಎಂದು ಬರುವವರನ್ನು ನಾನು ಮೊದಲು ಕೇಳುವುದು ಇಷ್ಟೇ: ಹೊಳೆಯ ಯಾವ ಜಾಗದಲ್ಲಿ, ಯಾವ ತಿಂಗಳಲ್ಲಿ, ಸೆಕೆಂಡಿಗೆ ಎಷ್ಟು ಲೀಟರ್ ಕಡಿಮೆಯಾಯಿತೆಂದು ತಿಳಿಯಬೇಕು? ಇದಕ್ಕೆ ಉತ್ತರ ಇಲ್ಲದಿದ್ದರೆ ಮಾಡೆಲ್‌ನಿಂದ, ಅಂದರೆ ನೆಲದಡಿಯ ನೀರಿನ ಕಂಪ್ಯೂಟರ್ ಲೆಕ್ಕದಿಂದ, ಬಣ್ಣದ ನಕ್ಷೆ ಬರುತ್ತದೆ, ಬೇರೇನೂ ಬರುವುದಿಲ್ಲ.

ಉದಾಹರಣೆಗೆ ಅರ್ಕಾವತಿಯ ಮೇಲ್ಭಾಗವನ್ನೇ ಇಟ್ಟುಕೊಳ್ಳುತ್ತೇನೆ. ನಂದಿಬೆಟ್ಟದ ಬುಡದಿಂದ ದೊಡ್ಡಬಳ್ಳಾಪುರ, ಹೆಸರಘಟ್ಟ ದಾಟಿ ತಿಪ್ಪಗೊಂಡನಹಳ್ಳಿಯವರೆಗಿನ ಕಣಿವೆ ಅದು. ಶಿವಗಂಗೆ ಕಡೆಯಿಂದ ಬರುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಸೇರುತ್ತದೆ. ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು ಇದೇ ನದಿಯನ್ನು ನಂಬಿ 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಕಟ್ಟಿದರು. ಕಳೆದ ಶತಮಾನದ ಎಪ್ಪತ್ತರ ದಶಕದ ನಂತರ ಒಳಹರಿವು ಬಿದ್ದುಹೋಯಿತು. ಮಳೆ ಆ ಪ್ರಮಾಣದಲ್ಲಿ ಬಿದ್ದುಹೋಗಿಲ್ಲ. ಬೋರ್‌ವೆಲ್, ನೀಲಗಿರಿ ತೋಪು, ಹೊಳೆಗೆ ಅಡ್ಡ ಕಟ್ಟಿದ ಚೆಕ್ ಡ್ಯಾಮ್ ಎಲ್ಲದರ ಮೇಲೂ ದೂರು ಇದೆ. ಇವುಗಳಲ್ಲಿ ಬೋರ್‌ವೆಲ್‌ನ ಪಾಲು ಎಷ್ಟು ಎಂದು ಬಿಡಿಸುವ ಕೆಲಸವನ್ನು ನಾನು ಮಾಡುವ ಕ್ರಮದಲ್ಲೇ ಹೇಳುತ್ತೇನೆ. ತಿಪ್ಪಗೊಂಡನಹಳ್ಳಿಯ ಕೆಳಗೆ ಮಾತ್ರ ಇದೇ ಲೆಕ್ಕವನ್ನು ತೆಗೆದುಕೊಂಡು ಹೋಗಬೇಡಿ. ಅಲ್ಲಿ ವೃಷಭಾವತಿ ಬಂದು ಸೇರುತ್ತದೆ, ಬೆಂಗಳೂರಿನ ಚರಂಡಿ ನೀರು ವರ್ಷವಿಡೀ ಹರಿಯುತ್ತದೆ. ಹೊಳೆ ತುಂಬಿದಂತೆ ಕಾಣುತ್ತದೆ, ಒರತೆ (ನೆಲದಿಂದ ಜಿನುಗಿ ಹೊಳೆಗೆ ಬರುವ ನೀರು) ಒಂದು ಹನಿಯೂ ಇರದಿರಬಹುದು.

ಮೊದಲು ಕಾಗದ, ಪೆನ್ನು

ಎತ್ತಿದ ನೀರು ಎಲ್ಲಿಂದಲೋ ಬಂದಿರಲೇಬೇಕು. ಅಮೆರಿಕದ ಥೈಸ್ ಎಂಬ ಭೂವಿಜ್ಞಾನಿ 1940ರಲ್ಲೇ ಇದನ್ನು ಬಿಡಿಸಿ ಹೇಳಿದ: ನೆಲದೊಳಗಿನ ಸಂಗ್ರಹ ಇಳಿಯಬೇಕು, ಇಲ್ಲವೇ ಇಂಗುವ ನೀರು ಹೆಚ್ಚಬೇಕು, ಇಲ್ಲವೇ ನೆಲದಿಂದ ಹೊಳೆಗೂ ಮರದ ಬೇರಿಗೂ ಹೋಗುತ್ತಿದ್ದ ನೀರು ಕಡಿಮೆಯಾಗಬೇಕು. ಮೊದಲ ದಿನ ಪೂರ್ತಿ ಸಂಗ್ರಹದ್ದು. ವರ್ಷಗಳು ಕಳೆದಂತೆ ಹೊಳೆಯ ಪಾಲು ಏರುತ್ತಾ ಹೋಗುತ್ತದೆ. ನಾವು ಮಾಡುವ ಮಾಡೆಲ್‌ನ ಅಸಲು ಕೆಲಸ ಈ ‘ಯಾವಾಗ, ಎಷ್ಟು’ ಎಂಬುದನ್ನು ಹೇಳುವುದು.

ಹತ್ತು ಚದರ ಕಿ.ಮೀ. ಹಳ್ಳದ ಬಯಲು ಎಂದಿಟ್ಟುಕೊಳ್ಳಿ. ಮಳೆ 800 ಮಿ.ಮೀ. ಜೇಡಿ ಕಡಿಮೆ ಇರುವ ಶಿಥಿಲ ಗ್ರಾನೈಟು, ನೈಸ್ ಶಿಲೆಗೆ ಕೇಂದ್ರದ ಅಂತರ್ಜಲ ಅಂದಾಜು ಸಮಿತಿಯ ಕ್ರಮದಲ್ಲಿ ಇಂಗುವಿಕೆ ಮಳೆಯ 11%. ಅಂದರೆ 88 ಮಿ.ಮೀ., ವರ್ಷಕ್ಕೆ 8.8 ಲಕ್ಷ ಘನ ಮೀಟರ್. ಇದನ್ನೇ ಸೆಕೆಂಡಿಗೆ ಇಳಿಸಿದರೆ 28 ಲೀಟರ್. ಅದೇ ಬಯಲಿನಲ್ಲಿ ನೀರಿರುವ ಬೋರ್ 110, ಒಂದೊಂದು ದಿನಕ್ಕೆ 20 ಘನ ಮೀಟರ್, ವರ್ಷದಲ್ಲಿ 250 ದಿನ ಓಡುತ್ತದೆ ಅಂದರೆ 5.5 ಲಕ್ಷ ಘನ ಮೀಟರ್, ಸೆಕೆಂಡಿಗೆ ಹದಿನೇಳೂವರೆ ಲೀಟರ್. ಹೊಲದಿಂದ ಮತ್ತೆ ಇಂಗುವ ನೀರನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಡ್ರಿಪ್ ಬಂದ ಮೇಲೆ ಅದೂ ಅಷ್ಟಕ್ಕಷ್ಟೆ.

ಈಗ ಸರ್ಕಾರಿ ವರ್ಗೀಕರಣ ನೋಡಿ. ಇಂಗುವಿಕೆಯಲ್ಲಿ ‘ಸಹಜ ವಿಸರ್ಜನೆ’ ಎಂದು ಶೇಕಡ 10 ತೆಗೆದಿಟ್ಟು (ಬಾವಿಯ ಮಟ್ಟದಿಂದ ಲೆಕ್ಕ ಹಾಕಿದ್ದರೆ ಶೇಕಡ 5), ಉಳಿದದ್ದರಲ್ಲಿ ನಾವು ಎತ್ತಿದ್ದೆಷ್ಟು ಎಂದು ನೋಡುತ್ತಾರೆ. ಇಲ್ಲಿ ಅದು 69% ಬರುತ್ತದೆ. 70ರವರೆಗೆ ‘ಸುರಕ್ಷಿತ’. ಕಾಗದದ ಮೇಲೆ ಸುರಕ್ಷಿತವಾದ ಈ ಬಯಲಿನಲ್ಲಿ ಹೊಳೆ ಮತ್ತು ಮರಗಳ ಪಾಲಿಗೆ 28 ಲೀಟರ್ ಇದ್ದದ್ದು ಕೊನೆಗೆ ಹತ್ತರ ಹತ್ತಿರ ಬಂದು ನಿಲ್ಲುತ್ತದೆ. ಬಾವಿ ಬತ್ತಬಾರದು ಎಂಬ ದೃಷ್ಟಿಯಿಂದ ಮಾಡಿದ ವರ್ಗೀಕರಣ ಅದು, ಹೊಳೆಯ ದೃಷ್ಟಿಯಿಂದ ಮಾಡಿದ್ದಲ್ಲ. ತಾಲ್ಲೂಕು ‘ಸೇಫ್’ ಇದೆ, ಹೊಳೆಗೇನೂ ಆಗಿಲ್ಲ ಎಂದು ಯಾರಾದರೂ ವಾದಿಸಿದರೆ ಈ ಲೆಕ್ಕವನ್ನೇ ಮುಂದಿಡಿ. ಬೆಂಗಳೂರು ಗ್ರಾಮಾಂತರದ ಕಡೆ ಆ ವಾದಕ್ಕೂ ಅವಕಾಶವಿಲ್ಲ ಅನ್ನಿ. ಅಲ್ಲಿನದು ಅತಿಬಳಕೆಯ ಪಟ್ಟಿ.

ಊರಿನಲ್ಲಿ ಏನು ಕೇಳಬೇಕು, ಏನು ಅಳೆಯಬೇಕು

ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ. “ಬೋರ್ ಎಷ್ಟು ಅಡಿ?” ಎಂದಷ್ಟೇ ಕೇಳಿ ಬಂದುಬಿಡಬೇಡಿ. “ಕೇಸಿಂಗ್ ಎಷ್ಟು ಅಡಿ ಇಳಿಸಿದ್ರಿ?” ಎಂದು ಕೇಳಿ. ಕೇಸಿಂಗ್ ಪೈಪಿಗೆ ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟಿರುತ್ತಾರೆ, ಯಾವ ರೈತನೂ ಮರೆಯುವುದಿಲ್ಲ. ಮೆತ್ತನೆ ಮಣ್ಣು-ಕಲ್ಲು ಮುಗಿದು ಗಟ್ಟಿ ಬಂಡೆ ಸಿಗುವವರೆಗೆ ಕೇಸಿಂಗ್ ಇಳಿಸುವುದರಿಂದ ಆ ಅಡಿಯೇ ಶಿಥಿಲ ಪದರದ ದಪ್ಪ. ಊರಿನ ನಲವತ್ತು ಐವತ್ತು ಬೋರ್‌ಗಳ ಕೇಸಿಂಗ್ ಬರೆದುಕೊಂಡರೆ ಮಾಡೆಲ್‌ನ ಮೊದಲ ಪದರದ ತಳ ಸಿಕ್ಕಿಬಿಡುತ್ತದೆ, ಕಾಸು ಖರ್ಚಿಲ್ಲದೆ. ಕೆಳಗೆ ನೀರು ಸಿಕ್ಕ ಬಿರುಕು ಎಷ್ಟನೇ ಅಡಿಯದು ಎಂಬುದನ್ನೂ ಬರೆದುಕೊಳ್ಳಿ.

ಎತ್ತುವ ನೀರಿಗೆ ಮೀಟರ್ ಇಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಹಾಗಾಗಿ ಬಿಲ್ಲೂ ಇಲ್ಲ. “ಎರಡಿಂಚು ನೀರು” ಎಂದರೆ ಕೆಲವರು ರಿಗ್‌ನವನು ಬೋರ್ ಕೊರೆದ ದಿನ ವಿ-ನಾಚ್ ತಗಡಿನಲ್ಲಿ (ನೀರು ಹಾಯಲು ‘ವಿ’ ಆಕಾರದಲ್ಲಿ ಕತ್ತರಿಸಿದ ತಗಡು) ಹೇಳಿದ ಅಳತೆ ಹೇಳುತ್ತಾರೆ, ಕೆಲವರು ಪೈಪಿನ ಸೈಜು ಹೇಳುತ್ತಾರೆ. ಎರಡಕ್ಕೂ ಅಜಗಜಾಂತರ. ಇನ್ನೂರು ಲೀಟರಿನ ಡ್ರಮ್ ಇಟ್ಟು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೀವೇ ಅಳೆಯಿರಿ. ಡ್ರಮ್ ತುಂಬಲು 250 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 0.8 ಲೀಟರ್, ಮೂರು ಫೇಸ್ ಏಳು ಗಂಟೆ ಇದ್ದರೆ ದಿನಕ್ಕೆ 20 ಘನ ಮೀಟರ್. ಪಂಪ್ ಶುರು ಮಾಡಿದ ತಕ್ಷಣ ಅಳೆಯಬೇಡಿ. ರಾತ್ರಿಯಿಡೀ ಬೋರ್‌ನಲ್ಲಿ ನಿಂತ ನೀರು ಮೊದಲು ಜೋರಾಗಿ ಬರುತ್ತದೆ, ಗಂಟೆ ಕಳೆದ ಮೇಲೆ ಬರುವುದೇ ನಿಜ.

ಇನ್ನೊಂದು ದಾರಿಯಿಂದ ತಾಳೆ ನೋಡಿ. ನೀರಾವರಿ ಫೀಡರಿನ ಯೂನಿಟ್ ಲೆಕ್ಕ ಸಿಕ್ಕಿದರೆ, 150 ಮೀಟರ್ ಆಳದಿಂದ ಎತ್ತುವ, ಶೇಕಡ 30ರ ದಕ್ಷತೆಯ ಪಂಪು ಒಂದು ಯೂನಿಟ್ಟಿಗೆ ಸುಮಾರು 730 ಲೀಟರ್ ಎತ್ತುತ್ತದೆ. ಡ್ರಮ್ಮಿನ ಲೆಕ್ಕ ಮತ್ತು ಕರೆಂಟಿನ ಲೆಕ್ಕ ಒಂದಕ್ಕೊಂದು ಶೇಕಡ 30ರೊಳಗೆ ಬಂದರೆ ನಾನು ಖುಷಿಯಾಗಿ ಮುಂದೆ ಹೋಗುತ್ತೇನೆ. ಬರದಿದ್ದರೆ ಒಂದೇ ಬೋರಿಗೆ ಎರಡು ಮೋಟರ್, ರಾತ್ರಿ ಸಿಂಗಲ್ ಫೇಸ್‌ನಲ್ಲಿ ಓಡಿಸುವುದು, ಟ್ಯಾಂಕರ್ ವ್ಯಾಪಾರ ಇವುಗಳಲ್ಲಿ ಏನಿದೆ ಎಂದು ಹುಡುಕಬೇಕು.

ಹೊಳೆಯ ಹರಿವನ್ನು ಡಿಸೆಂಬರ್-ಜನವರಿಯಲ್ಲಿ, ಎರಡು ವಾರ ಮಳೆಯಿಲ್ಲದ ಮೇಲೆ ಅಳೆಯಿರಿ. ಆಗ ಹರಿಯುವುದು ಬರೀ ಒರತೆ ನೀರು. ಸಣ್ಣ ಹಳ್ಳಕ್ಕೆ 90 ಡಿಗ್ರಿಯ ವಿ-ನಾಚ್ ತಗಡು ಸಾಕು. ಅಕ್ಕಪಕ್ಕ ಜೇಡಿಮಣ್ಣು ಮೆತ್ತಿ ಸೋರದಂತೆ ಮಾಡಿ. ನೀರಿನ ಎತ್ತರ 10 ಸೆಂ.ಮೀ. ಇದ್ದರೆ ಸೆಕೆಂಡಿಗೆ 4.4 ಲೀಟರ್, 20 ಇದ್ದರೆ 25ರ ಹತ್ತಿರ. ಎತ್ತರ ದುಪ್ಪಟ್ಟಾದರೆ ನೀರು ಐದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಹಾಗಾಗಿ ಸ್ಕೇಲ್ ಓದುವಾಗ ಮಿಲಿಮೀಟರಿಗೂ ಬೆಲೆ ಇದೆ.

ಅರ್ಕಾವತಿಯ ಮೇಲ್ಭಾಗದಲ್ಲಿ ಬಹುತೇಕ ಕಡೆ ಅಳೆಯಲು ನೀರೇ ಇರುವುದಿಲ್ಲ. ಆದರೂ ಸೊನ್ನೆ ಒಂದು ಅಳತೆಯೇ, ಅದು ಯಾವ ವರ್ಷದಿಂದ ಸೊನ್ನೆ ಎಂದು ಗೊತ್ತಾದರೆ. ಇದಕ್ಕೆ ಹಿರಿಯರ ಹತ್ತಿರ ಕೂರಬೇಕು. ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. “ಇಂದಿರಾ ಗಾಂಧಿ ಹೋದ ವರ್ಷ ಹೊಳೇಲಿ ನೀರಿತ್ತಾ ತಾತ? ರಾಜ್‌ಕುಮಾರ್ ಅವರನ್ನ ಕಾಡಿಗೆ ಕರ್ಕೊಂಡು ಹೋದ ವರ್ಷ?” ಎಂದು ಕೇಳಿ. 1984, 2000 ಎರಡೂ ಗಟ್ಟಿಯಾಗಿ ಸಿಗುತ್ತವೆ. ದೊಡ್ಡಬಳ್ಳಾಪುರದ ಕಡೆ ಒಬ್ಬ ಹಿರಿಯರು ಹೇಳಿದ್ದು: “ಬ್ಯಾಸಿಗೇಲಿ ಹೊಳೆ ಮರಳು ಕೆದಕಿದ್ರೆ ಮೊಣಕೈ ಮಟ್ಟಕ್ಕೆ ನೀರು ಕಣಮ್ಮ, ಚೊಂಬಲ್ಲಿ ಮೊಗೀತಿದ್ವಿ. ಕಪಿಲೆ ಬಾವಿ ಒಣಗಿ ಎಲ್ಡು ವರ್ಷಕ್ಕೆ ಅದೂ ನಿಂತೋಯ್ತು.” ಈ ಒಂದು ಮಾತಿನಲ್ಲಿ ಮಾಡೆಲ್‌ಗೆ ಬೇಕಾದ ಎರಡು ಸಂಗತಿ ಇವೆ: ನೀರಿನ ಮಟ್ಟ ಹೊಳೆಯ ತಳದಿಂದ ಒಂದೂವರೆ ಅಡಿ ಕೆಳಗಿತ್ತು, ಬಾವಿಗೂ ಹೊಳೆಗೂ ನಡುವೆ ಸುಮಾರು ಎರಡು ವರ್ಷದ ಅಂತರ.

ಹೊಳೆಯ ತಳದ ಎತ್ತರವನ್ನು ಉಪಗ್ರಹದ ಎತ್ತರದ ನಕ್ಷೆಯಿಂದ ತೆಗೆಯಬೇಡಿ. ಅದರಲ್ಲಿ ಹಲವು ಮೀಟರ್ ಹೆಚ್ಚುಕಮ್ಮಿ ಇರುತ್ತದೆ; ನಮಗೆ ಬೇಕಿರುವುದು ಬಾವಿಯ ನೀರು ಹೊಳೆಯ ತಳಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬ ಅರ್ಧ ಮೀಟರಿನ ವಿಷಯ. ಸರ್ವೆಯವರು ಎತ್ತರ ಅಳೆಯುವ ಡಂಪಿ ಲೆವೆಲ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಗಾರೆ ಕೆಲಸದವರ ಟ್ಯೂಬ್ ಲೆವೆಲ್ ಹಿಡಿದೇ ಬಾವಿಯಿಂದ ಹೊಳೆಯವರೆಗೆ ಹಂತ ಹಂತವಾಗಿ ಬರಬಹುದು.

ಎಕ್ಸೆಲ್‌ನ ಒಂದು ಸಾಲು

ದೊಡ್ಡ ಸಾಫ್ಟ್‌ವೇರ್ ತೆರೆಯುವ ಮುಂಚೆ ಗ್ಲೋವರ್ ಮತ್ತು ಬಾಲ್ಮರ್ 1954ರಲ್ಲಿ ಕೊಟ್ಟ ಸೂತ್ರ ಹಾಕಿ ನೋಡಿ. ಬಾವಿಯಿಂದ ಹೊಳೆಗಿರುವ ದೂರದ ವರ್ಗವನ್ನು ಸ್ಪೆಸಿಫಿಕ್ ಯೀಲ್ಡ್‌ನಿಂದ (ಮಟ್ಟ ಇಳಿದಾಗ ನೆಲ ಬಿಟ್ಟುಕೊಡುವ ನೀರಿನ ಪಾಲು) ಗುಣಿಸಿ, ಟ್ರಾನ್ಸ್‌ಮಿಸಿವಿಟಿಯಿಂದ (ಆ ಪದರ ನೀರನ್ನು ಸಾಗಿಸುವ ಶಕ್ತಿ) ಭಾಗಿಸಿ. ಬರುವುದು ದಿನಗಳ ಲೆಕ್ಕದಲ್ಲಿ ಒಂದು ಕಾಲ. ಜೆಂಕಿನ್ಸ್ 1968ರಲ್ಲಿ ಅದನ್ನೇ ಅಳತೆಗೋಲಾಗಿ ಮಾಡಿದ. ನಾನು ಅದನ್ನು ‘ತಡದ ಕಾಲ’ ಎನ್ನುತ್ತೇನೆ. ತಡದ ಕಾಲವನ್ನು, ಪಂಪ್ ಶುರುವಾಗಿ ಕಳೆದ ದಿನಗಳ ನಾಲ್ಕು ಪಟ್ಟಿನಿಂದ ಭಾಗಿಸಿ, ವರ್ಗಮೂಲ ತೆಗೆದು, ಎಕ್ಸೆಲ್‌ನ ಇಆರ್‌ಎಫ್‌ಸಿ (ERFC) ಫಂಕ್ಷನ್‌ಗೆ ಕೊಡಿ. ಎತ್ತುತ್ತಿರುವ ನೀರಿನಲ್ಲಿ ಹೊಳೆಯ ಪಾಲೆಷ್ಟು ಎಂದು ಬರುತ್ತದೆ.

ಶಿಥಿಲ ಪದರಕ್ಕೆ ಟ್ರಾನ್ಸ್‌ಮಿಸಿವಿಟಿ ದಿನಕ್ಕೆ 50 ಚದರ ಮೀಟರ್, ಸ್ಪೆಸಿಫಿಕ್ ಯೀಲ್ಡ್ 2% ಎಂದುಕೊಳ್ಳೋಣ. ಹೊಳೆಯಿಂದ 500 ಮೀಟರ್ ದೂರದ ಬಾವಿಗೆ ತಡದ ಕಾಲ 100 ದಿನ. ಒಂದು ತಿಂಗಳಿಗೆ ಎತ್ತುವ ನೀರಿನ 20% ಹೊಳೆಯದು, ನೂರನೇ ದಿನಕ್ಕೆ 48%, ವರ್ಷಕ್ಕೆ 71%. ಎರಡು ಕಿ.ಮೀ. ದೂರದ ಬಾವಿಗೆ ತಡದ ಕಾಲ 1600 ದಿನ: ಮೊದಲ ವರ್ಷದ ಕೊನೆಗೆ 14%, ಐದು ವರ್ಷಕ್ಕೆ 51%, ಇಪ್ಪತ್ತು ವರ್ಷಕ್ಕೆ 74%. ದೂರ ನಾಲ್ಕು ಪಟ್ಟಾದರೆ ಕಾಲ ಹದಿನಾರು ಪಟ್ಟು. ದೂರದ ಬಾವಿ ಹೊಳೆಯನ್ನು ಬಿಟ್ಟುಬಿಡುವುದಿಲ್ಲ, ತಡವಾಗಿ ಹಿಡಿಯುತ್ತದೆ.

ಪಂಪ್ ನಿಲ್ಲಿಸಿದಾಗಲೂ ಲೆಕ್ಕ ಮುಂದುವರಿಯುತ್ತದೆ. ಆ ಎರಡು ಕಿ.ಮೀ. ದೂರದ ಬಾವಿಯನ್ನು ಫೆಬ್ರುವರಿಯಿಂದ ನೂರು ದಿನ ಓಡಿಸಿ ಮೇ ತಿಂಗಳಲ್ಲಿ ನಿಲ್ಲಿಸಿ. ಹೊಳೆಯ ಮೇಲೆ ಅದರ ಸೆಳೆತ ಅತಿ ಹೆಚ್ಚಾಗುವುದು ನಿಲ್ಲಿಸಿ ಸುಮಾರು ಏಳು ತಿಂಗಳಾದ ಮೇಲೆ, ಡಿಸೆಂಬರ್ ಹೊತ್ತಿಗೆ. “ಬೇಸಿಗೆಯಲ್ಲಿ ಎತ್ತಿದ್ದು, ಮಳೆಗಾಲದಲ್ಲಿ ಸರಿಹೋಗುತ್ತೆ” ಎನ್ನುವವರಿಗೆ ಈ ಗ್ರಾಫ್ ತೋರಿಸುವಾಗ ಮುಖದ ಬಣ್ಣ ಬದಲಾಗುತ್ತದೆ.

ಈ ಸೂತ್ರ ಒಪ್ಪಿಕೊಂಡಿರುವುದು ಉದ್ದಕ್ಕೂ ಹರಿಯುವ ಹೊಳೆ, ಒಂದೇ ಬಗೆಯ ನೆಲ, ಹೊಳೆಯ ತಳದವರೆಗೂ ತಾಕಿರುವ ಅಂತರ್ಜಲ. ಅರ್ಕಾವತಿಯಲ್ಲಿ ಮೂರನೆಯದು ಎಷ್ಟೋ ಹಿಂದೆಯೇ ಹೋಯಿತು. ಅಂತರ್ಜಲ ಹೊಳೆಯ ತಳ ಬಿಟ್ಟು ಕೆಳಗಿಳಿದ ಮೇಲೆ ನೀವು ಇನ್ನೂ ಆಳದಿಂದ ಎತ್ತಿದರೂ ಹೊಳೆಯಿಂದ ಹೊಸದಾಗಿ ಸೆಳೆಯಲು ಏನೂ ಇರುವುದಿಲ್ಲ. ಒರತೆ ಆಗಲೇ ಸೊನ್ನೆ. ಹೊಸ ಬೋರ್ ಕೆಡಿಸುವುದು ಒಳ್ಳೆಯ ಮಳೆಯ ವರ್ಷದಲ್ಲಿ ಮಟ್ಟ ಮೇಲೆ ಬಂದು ಹೊಳೆ ಮುಟ್ಟುವ ಅವಕಾಶವನ್ನು. ಅದನ್ನು ಹೇಳಲು ಸೂತ್ರಕ್ಕೆ ಬರುವುದಿಲ್ಲ. ಇಲ್ಲಿಂದ ಮಾಡ್‌ಫ್ಲೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬೇಕು.

ಮಾಡ್‌ಫ್ಲೋ

ಅಮೆರಿಕದ ಭೂವೈಜ್ಞಾನಿಕ ಸರ್ವೆ ಸಂಸ್ಥೆ 1980ರ ದಶಕದಿಂದ ಬೆಳೆಸುತ್ತಾ ಬಂದಿರುವ ಉಚಿತ ಪ್ರೋಗ್ರಾಂ ಇದು. ಈಗಿನದು ಆರನೆಯ ಆವೃತ್ತಿ. ಅದನ್ನು ಓಡಿಸಲು, ಪೈಥಾನ್ ಭಾಷೆ ಬರುವವರಿಗೆ ಫ್ಲೋಪೈ ಸಾಕು, ಬಾರದವರಿಗೆ ಕಿಟಕಿ-ಗುಂಡಿಗಳ ಮಾಡೆಲ್‌ಮ್ಯೂಸ್ ಇದೆ. ಲೆಕ್ಕಕ್ಕೆ ಕಣಿವೆಯನ್ನು ಹಂಚುವ ಚೌಕುಳಿ ಹೊಳೆಯ ಹತ್ತಿರ 100 ಮೀಟರ್, ದೂರದಲ್ಲಿ 500. ಕಾಲದ ಹೆಜ್ಜೆ ತಿಂಗಳು. ಎರಡು ಪದರ: ಕೇಸಿಂಗ್ ಲೆಕ್ಕದಿಂದ ಬಂದ ಶಿಥಿಲ ಪದರ, ಅದರಡಿ ಬಿರುಕಿನ ಬಂಡೆ. ಮೇಲಿನದು ಒಣಗಿ ಮತ್ತೆ ತುಂಬುವಂತಿರಬೇಕು, ಹಾಗಾಗಿ ಪ್ರೋಗ್ರಾಂನಲ್ಲಿರುವ ‘ನ್ಯೂಟನ್’ ಆಯ್ಕೆ ಹಾಕಿಕೊಳ್ಳಿ. ಇವೆಲ್ಲ ಕೈಪಿಡಿಯಲ್ಲಿವೆ, ಅಲ್ಲಿಲ್ಲದ್ದನ್ನು ಹೇಳುತ್ತೇನೆ.

ಹೊಸಬರ ಮಾಡೆಲ್ ಬಂದರೆ ನಾನು ಮೊದಲು ನೋಡುವುದು ಹೊಳೆಗೆ ಯಾವ ಪ್ಯಾಕೇಜ್ (ಪ್ರೋಗ್ರಾಂನ ಬಿಡಿಭಾಗ) ಹಾಕಿದ್ದಾರೆ ಎಂದು. ‘ರಿವರ್’ ಎಂಬ ಹೆಸರು ನೋಡಿ ಅದನ್ನೇ ಹಾಕಿರುತ್ತಾರೆ. ಆ ಪ್ಯಾಕೇಜಿಗೆ ಹೊಳೆ ಬತ್ತುವುದು ಗೊತ್ತಿಲ್ಲ. ನೀವು ಕೊಟ್ಟ ನೀರಿನ ಮಟ್ಟ ಸದಾ ಇದೆ ಎಂದು ನಂಬಿ, ಅಂತರ್ಜಲ ಇಳಿದಷ್ಟೂ ಹೊಳೆಯಿಂದ ನೀರು ಕೊಡುತ್ತಲೇ ಇರುತ್ತದೆ, ಒಂದು ಮಿತಿ ಮುಟ್ಟಿದ ಮೇಲೂ ನಿಲ್ಲಿಸದೆ. ಒಣಗಿದ ಅರ್ಕಾವತಿಯಿಂದ ಬೋರ್‌ಗಳಿಗೆ ವರ್ಷಪೂರ್ತಿ ನೀರು! ಬರೀ ಒರತೆ ಲೆಕ್ಕ ಸಾಕಾದರೆ ‘ಡ್ರೇನ್’ ಹಾಕಿ. ಮಟ್ಟ ತಳಕ್ಕಿಂತ ಮೇಲಿದ್ದರೆ ನೀರು ಹೊರಗೆ, ಇಲ್ಲದಿದ್ದರೆ ಸೊನ್ನೆ. ಮೇಲಿನ ಹಳ್ಳದಲ್ಲಿ ಬಂದ ನೀರು ಕೆಳಗೆ ಹರಿದು ಇಂಗುವುದೂ ಬೇಕಾದರೆ ‘ಎಸ್‌ಎಫ್‌ಆರ್’ (ಸ್ಟ್ರೀಮ್‌ಫ್ಲೋ ರೂಟಿಂಗ್). ಅದರಲ್ಲಿ ಇರುವಷ್ಟೇ ನೀರು ಇಂಗುತ್ತದೆ. ಕೆರೆಗಳನ್ನು ತುಂಬಿರುವ ತಿಂಗಳುಗಳಲ್ಲಿ ಇಂಗುವಿಕೆಯಾಗಿ ಸೇರಿಸಿ.

ಮಾಡೆಲನ್ನು ಇವತ್ತಿನ ನೀರಿನ ಮಟ್ಟದಿಂದ ಶುರು ಮಾಡಬೇಡಿ. ಈ ಕಣಿವೆಗೆ ನೆನಪು ಉದ್ದ. ಇವತ್ತು ಕಾಣುವುದು ಇಪ್ಪತ್ತು ವರ್ಷದ ಹಿಂದಿನ ಪಂಪಿಂಗ್‌ನ ಫಲ ಕೂಡ. ಬೋರ್‌ವೆಲ್ ಬರುವ ಮುಂಚಿನ ಕಾಲವನ್ನು ಸ್ಥಿರ ಸ್ಥಿತಿಯಾಗಿ (ಒಳಬರುವ ನೀರೂ ಹೊರಹೋಗುವ ನೀರೂ ಸಮ ಎಂದು) ಓಡಿಸಿ, ಅಲ್ಲಿಂದ ವರ್ಷ ವರ್ಷ ಮುಂದೆ ಬನ್ನಿ. ಆ ಮೊದಲ ಓಟದಲ್ಲಿ ಹೊಳೆ ಹರಿಯಲೇಬೇಕು. ಬೋರ್ ಒಂದೂ ಇಲ್ಲದ ಮಾಡೆಲ್‌ನಲ್ಲೇ ಅರ್ಕಾವತಿ ಬತ್ತಿದ್ದರೆ ಇಂಗುವಿಕೆಯೋ ತಳದ ಎತ್ತರವೋ ತಪ್ಪಿದೆ, ಮುಂದಿನದೆಲ್ಲ ದಂಡ.

ಹೊಂದಾಣಿಕೆಗೆ, ಅಂದರೆ ಮಾಡೆಲನ್ನು ಅಳತೆಗಳ ಜೊತೆ ತಾಳೆ ಮಾಡಲು, ಬಾವಿಯ ಮಟ್ಟ ಮಾತ್ರ ಇಟ್ಟುಕೊಂಡರೆ ಮೋಸ ಹೋಗುತ್ತೀರಿ. ಇಂಗುವಿಕೆಯನ್ನೂ ನೆಲದ ಸಾಗಣೆ ಗುಣವನ್ನೂ ಒಟ್ಟಿಗೆ ಎರಡು ಪಟ್ಟು ಮಾಡಿದರೂ ಪಂಪಿಂಗ್ ಇಲ್ಲದ ಕಾಲದ ಮಟ್ಟಗಳು ಹೆಚ್ಚುಕಮ್ಮಿ ಹಾಗೇ ಇರುತ್ತವೆ. ಹೊಳೆಗೆ ಹೋಗುವ ನೀರು ಮಾತ್ರ ಎರಡು ಪಟ್ಟಾಗಿರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಹರಿವಿನ ಅಳತೆ: ನಿಮ್ಮ ವಿ-ನಾಚ್, ಜಲಾಶಯದ ಹಳೆಯ ಒಳಹರಿವಿನ ಪುಸ್ತಕ, ಹಿರಿಯರು ಹೇಳಿದ ಬತ್ತಿದ ವರ್ಷ.

ಎರಡು ಓಟ, ಒಂದು ಕಳೆಯುವ ಲೆಕ್ಕ

ಪಂಪಿಂಗ್ ಇರುವ ಒಂದು ಓಟ, ಉಳಿದೆಲ್ಲ ಹಾಗೇ ಇದ್ದು ಪಂಪಿಂಗ್ ಇಲ್ಲದ ಇನ್ನೊಂದು ಓಟ. ಒಂದರ ಹೊಳೆ ಹರಿವಿನಿಂದ ಇನ್ನೊಂದನ್ನು ಕಳೆಯಿರಿ. ಉತ್ತರ ಆ ವ್ಯತ್ಯಾಸವೇ. ಮಾಡೆಲ್‌ನ ಎಷ್ಟೋ ತಪ್ಪುಗಳು ಎರಡೂ ಕಡೆ ಇದ್ದು ಕಳೆದುಹೋಗುತ್ತವೆ, ಆದ್ದರಿಂದ ವ್ಯತ್ಯಾಸವನ್ನು ಒಂಟಿ ಓಟಕ್ಕಿಂತ ಹೆಚ್ಚು ನಂಬಬಹುದು. ಆದರೆ ಒಂದೇ ಬೋರ್‌ನ ಪರಿಣಾಮ ನೋಡುವಾಗ ವ್ಯತ್ಯಾಸ ದಿನಕ್ಕೆ ಹತ್ತಿಪ್ಪತ್ತು ಘನ ಮೀಟರ್ ಇರುತ್ತದೆ. ಮಾಡೆಲ್‌ನ ಜಮಾ-ಖರ್ಚಿನ ತಪ್ಪೇ ಅಷ್ಟಿದ್ದರೆ ನೀವು ನೋಡುತ್ತಿರುವುದು ಬೋರ್‌ನ ಪರಿಣಾಮವಲ್ಲ, ಲೆಕ್ಕದ ತಪ್ಪು. ಸಮೀಕರಣ ಬಿಡಿಸುವ ಸಾಲ್ವರ್‌ನ ತಪ್ಪಿನ ಮಿತಿಯನ್ನು ಬಿಗಿ ಮಾಡಿ.

ನೀಲಗಿರಿಯ ಪಾಲನ್ನೂ ಹೀಗೇ ತೆಗೆಯಬಹುದು: ತೋಪು ಇರುವ ಓಟ, ಇಲ್ಲದ ಓಟ. ಎಚ್ಚರ, ಬೋರ್‌ನ ಪಾಲು ಮತ್ತು ನೀಲಗಿರಿಯ ಪಾಲು ಕೂಡಿಸಿದರೆ ಒಟ್ಟು ನಷ್ಟಕ್ಕೆ ಸಮ ಬರುವುದಿಲ್ಲ. ಎರಡರಲ್ಲಿ ಯಾವುದೊಂದೇ ಇದ್ದರೂ ಹೊಳೆ ಬತ್ತುತ್ತಿತ್ತು ಎನ್ನುವ ಕಡೆ, ಒಂದನ್ನು ಮಾತ್ರ ತೆಗೆದು ನೋಡಿದರೆ ಎರಡರ ಪಾಲೂ ಸೊನ್ನೆ ಬರುತ್ತದೆ, ಎರಡೂ ಇಲ್ಲದ ಓಟಕ್ಕೆ ಹೋಲಿಸಿದರೆ ಎರಡಕ್ಕೂ ಪೂರ್ತಿ ಹೊಣೆ ಬೀಳುತ್ತದೆ. ನಾಲ್ಕೂ ಓಟ ಮಾಡಿ, ನಾಲ್ಕೂ ಸಂಖ್ಯೆ ಕೊಡಿ; ಯಾರ ತಪ್ಪು ಎಂಬ ತೀರ್ಪನ್ನು ಸಾಫ್ಟ್‌ವೇರ್ ಬಾಯಲ್ಲಿ ಹೇಳಿಸಬೇಡಿ.

ಕೊನೆಗೆ ಒಂದು ನಕ್ಷೆ ಮಾಡಿ. ಪ್ರತಿ ಚೌಕದಲ್ಲೂ ಒಂದು ಕಲ್ಪಿತ ಬೋರ್ ಇಟ್ಟು, ಹತ್ತು ವರ್ಷಕ್ಕೆ ಅದರ ನೀರಿನಲ್ಲಿ ಹೊಳೆಯ ಪಾಲು ಎಷ್ಟು ಎಂದು ಓಡಿಸಿ, ಪಾಲು ಹೆಚ್ಚಿದ್ದಲ್ಲಿ ಕೆಂಪು ಬರುವಂತೆ ಬಣ್ಣ ಹಚ್ಚಿ. ಕಂಪ್ಯೂಟರ್ ರಾತ್ರಿಯಿಡೀ ಓಡುತ್ತದೆ, ಓಡಲಿ. ಪಂಚಾಯಿತಿ ಕಟ್ಟೆಯಲ್ಲಿ ನೂರು ಪುಟದ ವರದಿಗಿಂತ ಈ ಒಂದು ಹಾಳೆ ಹೆಚ್ಚು ಓಡಾಡುತ್ತದೆ. ಜನ ತಮ್ಮ ಸರ್ವೆ ನಂಬರ್ ಹುಡುಕಿಕೊಂಡು ಬೆರಳಿಡುತ್ತಾರೆ. ಅದಕ್ಕೇ ಹಾಳೆಯ ಮೇಲೆ ಊರು, ಕೆರೆ, ಗುಡಿ, ರಸ್ತೆ ಎಲ್ಲ ಕನ್ನಡದಲ್ಲಿ ಬರೆದಿರಲಿ, ಚೌಕುಳಿಯ ಗೆರೆ ಅಳಿಸಿರಲಿ, ಮೂಲೆಯಲ್ಲಿ ಬೋರ್ ಎಣಿಸಿದ ತಿಂಗಳು, ಡ್ರಮ್ಮಿನಲ್ಲಿ ಅಳೆದ ಬೋರ್‌ಗಳ ಸಂಖ್ಯೆ, ಇಟ್ಟುಕೊಂಡ ಸ್ಪೆಸಿಫಿಕ್ ಯೀಲ್ಡ್ ನಮೂದಾಗಿರಲಿ. ಅದೇ ಸ್ಪೆಸಿಫಿಕ್ ಯೀಲ್ಡನ್ನು 1%ಕ್ಕೂ 3%ಕ್ಕೂ ಬದಲಿಸಿ ಇನ್ನೆರಡು ನಕ್ಷೆ ತೆಗೆದು ಪಕ್ಕದಲ್ಲೇ ಅಂಟಿಸಿ. ಮೂರರಲ್ಲೂ ಕೆಂಪಾಗಿಯೇ ಉಳಿಯುವ ಹೊಲಗಳಿಂದ ಮಾತುಕತೆ ಶುರು ಮಾಡಬಹುದು.